ಕಬ್ಬಿಣ ಕುಡಿಯದ ಎಣ್ಣೆ

ನಮ್ಮ ಮನೆಯ ಮುಂಬಾಗಿಲು ಹಳೆಯ ಕಾಲದ್ದು. ಅದಕ್ಕೆ ಕಬ್ಬಿಣದ ಬಿಜಾಗರಿ ಇಲ್ಲ. ತೇಗದ ಕದದ ಮೂಲೆಯಲ್ಲಿ ಕಡೆದು ಬಿಟ್ಟ ಗೂಟವೊಂದು ಹೊಸ್ತಿಲ ಕುಣಿಯಲ್ಲಿ ಕುಳಿತು ತಿರುಗುತ್ತದೆ. ಮಳೆಗಾಲ ಮುಗಿದು ಕಟ್ಟಿಗೆ ಒಣಗತೊಡಗಿದಾಗ ಆ ಗೂಟ ಕಿರುಗುಟ್ಟುತ್ತದೆ, ಮತ್ತು ಹಸಿರು ಸೀಸೆಯಿಂದ ನಾಲ್ಕು ಹನಿ ಔಡಲೆಣ್ಣೆಯನ್ನು, ಅಂದರೆ ಹರಳೆಣ್ಣೆಯನ್ನು, ಅದಕ್ಕೆ ಬಿಡುವುದು ಈ ಮನೆಯಲ್ಲಿ ನಾನು ಇನ್ನಾರಿಗೂ ಬಿಟ್ಟುಕೊಡದ ಕೆಲಸ. ಎಣ್ಣೆ ಒಳಗಿಳಿದು ಕಟ್ಟಿಗೆಯ ಮೈಮೇಲಿನ ಹೊಳಪು ಆರುವವರೆಗೆ ಬಾಗಿಲನ್ನು ಯಾರೂ ಮುಟ್ಟುವಂತಿಲ್ಲ. ಬೆಕ್ಕು ಒಳಗೆ ಬರಲಿ, ಬಿಸಿಲು ಬರಲಿ, ಬೀಗರೇ ಬರಲಿ, ನಾನು ಕದ ಹಿಡಿದು ನಿಂತಿರುತ್ತೇನೆ. ನೆರೆಯವರಿಗೆ ಇದು ರೂಢಿಯಾಗಿದೆ, ಹೊರಗೆ ನಿಂತು, “ಕುಡೀತೇನ್ರಿ ಮಾಸ್ತರ, ಒಳಗ ಬರೂಣೇನು?” ಎಂದು ಚೇಷ್ಟೆ ಮಾಡುತ್ತಾರೆ. ಆದರೆ ಅದೇ ಬಾಗಿಲಿನ ಕಬ್ಬಿಣದ ಚಿಲಕಕ್ಕೆ ಮಾತ್ರ ನಾನು ಎಣ್ಣೆ ಮುಟ್ಟಿಸುವುದಿಲ್ಲ. ಅದು ತುಕ್ಕು ಹಿಡಿದು, ಎಳೆಯಲು ಎರಡು ಕೈ ಬೇಕಾಗಿ, ನನ್ನ ಹೆಂಡತಿ ಗೌರವ್ವನ ಬೈಗುಳಕ್ಕೆ ದಿನವೂ ಗುರಿಯಾಗುತ್ತದೆ.

ಡ್ರಿಲ್ ಮಾಸ್ತರನೊಬ್ಬ ಪ್ರಬಂಧ ಬರೆಯಲು ಕುಳಿತನೆಂದು, ಓದುಗ ಮಿತ್ರರೇ, ನೀವು ಮೂಗು ಮುರಿಯಬಾರದು. ಮೂವತ್ತು ವರ್ಷ ಹಿರೇಕೆರೂರಿನ ಬಯಲಿನಲ್ಲಿ “ಎಡ, ಬಲ” ಎಂದು ಕೂಗಿ ಕೂಗಿ ಸವೆದ ಗಂಟಲಿಗೆ ಈಗ ಮೆಲ್ಲಗೆ ಮಾತನಾಡುವ ಆಸೆ ಹುಟ್ಟಿದೆ, ಅಷ್ಟೆ. ಅಲ್ಲದೆ ನನ್ನ ಬಗ್ಗೆ ಒಂದು ಕೀರ್ತಿ ಈ ಓಣಿಯಲ್ಲಿ ಹಬ್ಬಿದೆ. ಅದನ್ನು ಹಬ್ಬಿಸಿದವಳು ಗೌರವ್ವ. ಹೊಸಬರು ಯಾರೇ ಬಂದರೂ ಅವಳು ಚಹದ ಬಟ್ಟಲಿನ ಜೊತೆಗೇ ಈ ಮಾತನ್ನೂ ಇಡುತ್ತಾಳೆ: “ಇವರು ಒಲಿಂಪಿಕ್ಕಿಗೆ ಆರಿಸಿ ಬಂದಿದ್ರು ನೋಡ್ರಿ. ಯುದ್ಧ ಬಂತು, ಇಲ್ಲಂದ್ರ ಹಡಗ ಹತ್ತತಿದ್ರು.” ಅವಳು ಹೇಳುವುದರಲ್ಲಿ ಸುಳ್ಳು ಒಂದಕ್ಷರವಿಲ್ಲ. ಅದಕ್ಕೂ ಮೊದಲು ನಡೆದದ್ದನ್ನು ನಾನು ಅವಳಿಗೆ ಹೇಳಿಲ್ಲ, ಆ ಮಾತಿನಲ್ಲಿ ಕಡಿಮೆ ಬಿದ್ದದ್ದು ಅದೊಂದೇ.

ನಾನು ಹುಟ್ಟಿದ್ದು ಸವಣೂರಿನಲ್ಲಿ, ನವಾಬರ ಸಂಸ್ಥಾನವಿದ್ದ ಕಾಲದಲ್ಲಿ. ನಮ್ಮದು ವೀಳ್ಯದ ಎಲೆಬಳ್ಳಿಯ ತೋಟ. ಹೆಬ್ಬೆರಳಿಗೆ ತಗಡಿನ ಉಗುರು ಸಿಕ್ಕಿಸಿಕೊಂಡು, ಬಳ್ಳಿ ಹಬ್ಬಿದ ಮರವನ್ನು ಕಾಲಿನಿಂದಲೇ ತಬ್ಬಿ, ಎರಡೂ ಕೈ ಬಿಟ್ಟು ಎಲೆ ಕೊಯ್ಯುವುದನ್ನು ನಾನು ಅಕ್ಷರಕ್ಕಿಂತ ಮೊದಲು ಕಲಿತೆ. ಹೀಗೆ ನಾನು ಜೋತಾಡುವುದನ್ನು ಒಂದು ದಿನ ತೋಟದ ಬೇಲಿಯಾಚೆಯಿಂದ ನೋಡಿದವರು ಗರಡಿಯ ಉಸ್ತಾದ ಇಮಾಮಸಾಬರು. ಗರಡಿ ಹಳೆಯ ಮಸೀದಿಯ ಹಿಂದಿತ್ತು. ಒಳಗೆ ಗೋಡೆಯಲ್ಲಿ ಹನುಮಪ್ಪನಿದ್ದ, ನಡುವೆ ಮಲ್ಲಕಂಬವಿತ್ತು, ಆ ಎರಡಕ್ಕೂ ಉಸ್ತಾದರು ಒಂದೇ ಭಕ್ತಿಯಿಂದ ಕೈ ಮುಗಿಯುತ್ತಿದ್ದರು. ನನ್ನಪ್ಪನಿಗೆ ಅವರು ಹೇಳಿದ್ದು ಇಷ್ಟೇ: “ನಿಮ್ಮ ಹುಡುಗ ಎಲಿ ಕೊಯ್ಯಾಕ ಹುಟ್ಟಿಲ್ರಿ. ಕಂಬಕ್ಕ ಕೊಡ್ರಿ.” ಅಪ್ಪ ಕೊಟ್ಟ. ಅಂದಿನಿಂದ ನನಗೆ ನಮ್ಮೂರಿನ ಹೆಸರುವಾಸಿ ಕರಿದ ಖಾರದ ಅಂಗಡಿಗಳ ದಾರಿ ಬಂದ್ ಆಯಿತು. ಎಣ್ಣೆಯಲ್ಲಿ ಕರಿದದ್ದು ತಿಂದ ಕೈ ಕಂಬದ ಮೇಲೆ ನಿಲ್ಲುವುದಿಲ್ಲವೆಂದು ಉಸ್ತಾದರ ಕಟ್ಟಪ್ಪಣೆ. ಸವಣೂರಿನಲ್ಲಿದ್ದು ಖಾರ ತಿನ್ನದೆ ಹರೆಯ ಕಳೆದವನು ನಾನೊಬ್ಬನೇ ಇರಬೇಕು.

ಮಲ್ಲಕಂಬವನ್ನು ನೋಡದವರಿಗಾಗಿ ಹೇಳುತ್ತೇನೆ. ಅದು ಎರಡಾಳೆತ್ತರದ ತೇಗದ ಕಂಬ. ಬುಡ ದಪ್ಪ, ತುದಿ ಸಣ್ಣ, ನೆತ್ತಿಯಲ್ಲಿ ಒಂದು ಗುಂಡು. ಅದನ್ನು ಬರಿಗೈ ಬರಿಗಾಲಿನಿಂದ ಹತ್ತಿ, ಬಳಸಿ, ತಲೆಕೆಳಗಾಗಿ, ಗುಂಡಿನ ಮೇಲೆ ಒಂದೇ ಅಂಗೈಯೂರಿ ನಿಲ್ಲುವುದು ಆಟ. ಒಣ ಕಂಬ ತೊಡೆಯ ತೊಗಲನ್ನು ಸುಲಿಯುತ್ತದೆ, ಆದ್ದರಿಂದ ಅದಕ್ಕೆ ಔಡಲೆಣ್ಣೆ ಬೇಕು. ಎಣ್ಣೆ ಮೇಲೆಯೇ ನಿಂತರೆ ಆಡುವವನು ಜಾರಿ ಬೀಳುತ್ತಾನೆ, ಆದ್ದರಿಂದ ಕಂಬ ಅದನ್ನು ಕುಡಿಯಬೇಕು. ನಮ್ಮ ಗರಡಿಯಲ್ಲಷ್ಟೇ ಅಲ್ಲ, ಸುತ್ತಲಿನ ತಾಲೂಕುಗಳ ಎಲ್ಲ ಗರಡಿಗಳಲ್ಲಿ ಒಂದು ವಾಡಿಕೆಯಿತ್ತು: ಮುಂಜಾನೆ ಎಲ್ಲರಿಗಿಂತ ಮೊದಲು ಬಂದವನದು ಎಣ್ಣೆಯ ಸೇವೆ. ಅವನು ಅಂಗೈಯಲ್ಲಿ ಎಣ್ಣೆ ತೆಗೆದುಕೊಂಡು ಮೇಲಿನಿಂದ ಕೆಳಕ್ಕೆ ಸವರಿ, ಪಕ್ಕದಲ್ಲಿ ಕಾದು ನಿಲ್ಲಬೇಕು. ಹೊಳಪು ಆರಿದ ಮೇಲೆ ಉಸ್ತಾದರು ಬಂದು, ಬೆಳಕಿಗೆ ಓರೆಯಾಗಿ ಕಣ್ಣು ಹಾಯಿಸಿ, “ಕುಡೀತು” ಎನ್ನಬೇಕು. ಆ ಮಾತು ಬೀಳುವ ಮುಂಚೆ ಕಂಬ ಮುಟ್ಟಿದವನಿಗೆ ಬೆನ್ನ ಮೇಲೆ ಒಂದು ಬೀಳುತ್ತಿತ್ತು.

ಹತ್ತು ವರ್ಷ ಹೀಗೆ ಕಳೆದವು. ಈ ವಿದ್ಯೆಯಲ್ಲಿ ಮೊದಲು ಪರಿಚಯವಾಗುವುದು ನೆಲ. ಅದರಷ್ಟು ಪ್ರಾಮಾಣಿಕವಾದ ಗುರುವನ್ನು ನಾನು ಬೇರೆ ಕಂಡಿಲ್ಲ. ಹಾಡುಗಾರ ಅಪಸ್ವರವನ್ನು ಆಲಾಪದಲ್ಲಿ ಮುಚ್ಚಬಹುದು, ಬರೆಯುವವನು ಸಡಿಲ ವಾಕ್ಯವನ್ನು ದೊಡ್ಡ ಶಬ್ದದಿಂದ ಮುಚ್ಚಬಹುದು, ಕೈ ತಪ್ಪಿದ ಆಟಗಾರನಿಗೆ ಮಾತ್ರ ಮುಚ್ಚಿಡಲು ವೇಳೆಯೇ ಇರುವುದಿಲ್ಲ. ಆಯುಷ್ಯದ ಅರ್ಧ ಪಾಲನ್ನು ಒಂದು ಪಟ್ಟಿಗೆ ತೇಯ್ದು, ಆ ಪಟ್ಟನ್ನು ಒಂದು ಉಸಿರಿನಲ್ಲಿ ಆಡಿ ಮುಗಿಸಿ, ನೆಲಕ್ಕಿಳಿದು ಕೈ ಮುಗಿದರೆ ಅಲ್ಲಿಗೆ ಮುಗಿಯಿತು. ತೋರಿಸಲು ಒಂದು ಕಾಗದವಾಗಲಿ ಒಂದು ಗಡಿಗೆಯಾಗಲಿ ಉಳಿಯುವುದಿಲ್ಲ. ಹೀಗೆ ಏನೂ ಉಳಿಯದ ವಿದ್ಯೆ ಕಲಿತವನಿಗೆ ಆ ಒಂದು ಉಸಿರಿನ ಮೇಲೆ ಎಷ್ಟು ಆಸೆ ಇರುತ್ತದೆಂಬುದನ್ನು ನೀವು ಮನಸ್ಸಿಗೆ ತಂದುಕೊಂಡರೆ ಮುಂದಿನದು ತಿಳಿಯುತ್ತದೆ.

ಓದು ಮುಗಿದ ಮೇಲೆ ಶಿಗ್ಗಾವಿಯ ಸಾಲೆಯಲ್ಲಿ ನನಗೆ ಸಹಾಯಕನ ಕೆಲಸ ಸಿಕ್ಕಿತು. ಯುದ್ಧ ಶುರುವಾದ ವರ್ಷದ ಬೇಸಿಗೆಯಲ್ಲಿ ಅಲ್ಲಿಗೊಂದು ಸುದ್ದಿ ಬಂತು: ಮರುವರ್ಷದ ಒಲಿಂಪಿಕ್ಕಿಗೆ ನಮ್ಮ ಕಡೆಯಿಂದಲೂ ಕಸರತ್ತಿನ ತಂಡವೊಂದನ್ನು ಕಳಿಸಬೇಕೆಂದು ದೊಡ್ಡ ಊರಿನ ಕೆಲವು ಹುರುಪಿನ ಜನ ಹೊರಟಿದ್ದಾರೆ, ತಾಲೂಕುಗಳಲ್ಲಿ ಆಯ್ಕೆ ನಡೆಸಿ, ನಮ್ಮ ಭಾಗದಿಂದ ಒಬ್ಬನನ್ನು, ಒಬ್ಬನನ್ನೇ, ತಮ್ಮಲ್ಲಿಗೆ ಕರೆಸಿ ತಯಾರು ಮಾಡುತ್ತಾರೆ. ಸವಣೂರು ಸಂಸ್ಥಾನದ್ದು, ಆ ತಾಲೂಕುಗಳಲ್ಲಿ ಸೇರಿದ್ದಲ್ಲ, ಆದ್ದರಿಂದ ನಾನು ಶಿಗ್ಗಾವಿಯ ಹೆಸರಿನಲ್ಲಿ ನಿಂತೆ. ಕಂಬ ಸಾಲದು, ‘ಸಿಂಗಲ್ ಬಾರ್’ ಎಂಬ ಅಡ್ಡಕಂಬಿಯ ಮೇಲೂ ಆಡಬೇಕೆಂದು ಕಾಗದದಲ್ಲಿ ಚಿತ್ರ ಬರೆದು ಕಳಿಸಿದ್ದರು. ಆ ಚಿತ್ರ ನೋಡಿ ತಡಸದ ಬಡಿಗನೊಬ್ಬ ಎರಡು ಬೇವಿನ ಮರಗಳ ನಡುವೆ ತೇಗದ ದುಂಡನೆಯ ಅಡ್ಡಪಟ್ಟಿ ಕೂಡಿಸಿಕೊಟ್ಟ. ಅದು ಕಬ್ಬಿಣದ್ದಿರುತ್ತದೆಂದು ಚಿತ್ರ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾನು ಆ ಕಟ್ಟಿಗೆಗೂ ಎಣ್ಣೆ ಕುಡಿಸಿ, ಅದನ್ನು ಹಿಡಿದು ಇಡೀ ಮೈ ತಿರುಗಿಸುವ ದೊಡ್ಡ ಸುತ್ತು ಸುತ್ತಲು ಕಲಿತೆ.

ಆಯ್ಕೆ ಹಾನಗಲ್ಲಿನಲ್ಲಿ, ಸಾಲೆಯ ಬಯಲಿನಲ್ಲಿ. ಹಿಂದಿನ ದಿನ ಸಂಜೆ ಹಾವೇರಿ ಸ್ಟೇಶನ್ನಿನಿಂದ ಎತ್ತಿನ ಗಾಡಿಯಲ್ಲಿ ಸಾಮಾನು ಬಂತು. ಇಳಿಸಲು ನಾವೆಲ್ಲ ಕೈ ಹಚ್ಚಿದೆವು. ಕಬ್ಬಿಣದ ಅಡ್ಡಕಂಬಿಗೆ ನನ್ನ ಎದುರು ತುದಿಯಲ್ಲಿ ಹೆಗಲು ಕೊಟ್ಟವನು ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನ ಬಸಲಿಂಗಪ್ಪ; ಒಕ್ಕಲುತನದ ಮನೆಯವನು, ನನ್ನದೇ ವಯಸ್ಸು, ಮಾತು ಕಡಿಮೆ. ಸಾಲೆಯ ಪಡಸಾಲೆಯಲ್ಲಿ ಎಲ್ಲರಿಗೂ ಹಾಸಿಗೆ. ಅವನು ತನ್ನ ಬುತ್ತಿ ಬಿಚ್ಚಿ ನನಗೆ ರೊಟ್ಟಿ, ಗುರೆಳ್ಳು ಚಟ್ನಿ ಕೊಟ್ಟ. ನಾನು ಅವನಿಗೆ ನಮ್ಮ ತೋಟದ ಎಲೆ ಕೊಟ್ಟೆ. ಉಂಡ ಮೇಲೆ ಅವನು ಅಂಗಳದ ಕಂಬದ ಬೋದಿಗೆಗೆ ಜೋತು ಬಿದ್ದು ಮೈ ಸಡಿಲಿಸಿಕೊಂಡ ಬಗೆ ನೋಡಿದಾಗಲೇ ನನಗೆ ತಿಳಿಯಿತು, ಅವನು ನನಗಿಂತ ಒಂದು ಕೈ ಮೇಲು. ಕೆಟ್ಟ ಭಾವನೆ ಬರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಅದನ್ನು ಇಟ್ಟುಕೊಂಡೇ ಮಲಗಿದೆ.

ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಎದ್ದವನು ನಾನು. ಮುಖ ತೊಳೆದು ಬಯಲಿಗೆ ಹೋದೆ. ಸಿಂಗಲ್ ಬಾರನ್ನು ನಿಲ್ಲಿಸಿ ತಂತಿ ಬಿಗಿದಿದ್ದರು. ಹತ್ತಿರ ಹೋಗಿ ನೋಡಿದರೆ ಅದರ ಮೈತುಂಬ ಬಿಳಿಯ ಹಿಟ್ಟಿನಂಥ ಪುಡಿ ಮೆತ್ತಿತ್ತು, ಅಲ್ಲಲ್ಲಿ ಗೀಚಿತ್ತು. ಇಷ್ಟು ದೊಡ್ಡ ಊರಿನವರು ತಮ್ಮ ಕಂಬಿಯನ್ನು ಹೀಗೆ ಅನಾಥ ಮಾಡಿ ಇಟ್ಟಿದ್ದಾರಲ್ಲ ಎಂದು ನನಗೆ ನಿಜವಾಗಿಯೂ ಮರುಕ ಹುಟ್ಟಿತು. ಆ ಪುಡಿ ಬೆವರು ಹೀರಲೆಂದು ಕೈಗೆ ಹಚ್ಚಿಕೊಳ್ಳುವಂಥದು, ಅದೇ ಅವರ ಪದ್ಧತಿ ಎಂಬುದು ನನಗೆ ಹೇಗೆ ಗೊತ್ತಿರಬೇಕು? ಮೊದಲು ಬಂದವನದು ಎಣ್ಣೆಯ ಸೇವೆ. ಪುಡಿಯನ್ನೆಲ್ಲ ಒರೆಸಿ, ಚೀಲದಲ್ಲಿದ್ದ ಸೀಸೆ ತೆಗೆದು, ಆ ತುದಿಯಿಂದ ಈ ತುದಿಗೆ ಔಡಲೆಣ್ಣೆ ಸವರಿ, ಪಕ್ಕದಲ್ಲಿ ಕೈ ಕಟ್ಟಿ ನಿಂತೆ. ಬಹಳ ಹೊತ್ತು ನಿಂತೆ. ಹೊಳಪು ಆರಲಿಲ್ಲ. ಹೊತ್ತು ಮೂಡಿತು, ಸಾಲೆಯ ಕಡೆಯಿಂದ ಸ್ನಾನಕ್ಕೆ ಕರೆದರು. ಧೋತರದ ಚುಂಗಿನಿಂದ ಒಂದು ಸಲ ಎಳೆದು, ಇಷ್ಟರಲ್ಲಿ ಕುಡಿಯುತ್ತದೆ ಬಿಡು ಎಂದುಕೊಂಡು ಹೊರಟುಬಿಟ್ಟೆ.

ಚೀಟಿ ಎತ್ತಿದಾಗ ಮೊದಲ ಪಾಳಿ ಬಸಲಿಂಗಪ್ಪನಿಗೆ ಬಂತು. ಪರೀಕ್ಷಕರು ಪಲ್ಟಣಿನಿಂದ ನಿವೃತ್ತರಾದ ಸಾಹೇಬರು. ಅವರು ಕೊಟ್ಟ ಬಿಳಿ ಪುಡಿಯನ್ನು ಅವನು ಅಂಗೈಗೆ ಉಜ್ಜಿಕೊಂಡು ಹಾರಿ ಕಂಬಿ ಹಿಡಿದ. ಜೋಲಿ ಹೊಡೆದ, ಮೇಲೆದ್ದ, ಕೈಯೂರಿ ತಲೆಕೆಳಗಾಗಿ ನಿಂತು ದೊಡ್ಡ ಸುತ್ತಿಗೆ ಮೈ ಬಿಟ್ಟ. ಮೊದಲ ಸುತ್ತು ಎಷ್ಟು ಚಂದವಾಗಿ ಬಂತೆಂದರೆ ನನ್ನ ಆ ಕೆಟ್ಟ ಭಾವನೆ ಕರಗಿ, ಬರಿಯ ಆಟ ನೋಡುವ ಸುಖವೊಂದೇ ಉಳಿಯಿತು. ಎರಡನೆಯ ಸುತ್ತು ಕೆಳಗಿಳಿಯುವಾಗ ಅವನ ಕೈ ಕಂಬಿಯಿಂದ ಬಿಟ್ಟುಹೋಯಿತು. ಮರಳಿನ ಗುಂಡಿ ದಾಟಿ ಗಟ್ಟಿ ನೆಲದ ಮೇಲೆ ಬಿದ್ದ, ಬಲಗೈ ಮೈಯ ಅಡಿಯಲ್ಲಿ ಸಿಕ್ಕಿತು. ಮುರಿದ ಸಪ್ಪಳ ನಾವು ನಿಂತಲ್ಲಿಗೂ ಕೇಳಿಸಿತು.

ಸಾಹೇಬರು ಕಂಬಿ ಮುಟ್ಟಿ ನೋಡಿ, ಬೆರಳಿಗೆ ಬೆರಳು ತಿಕ್ಕಿ, “ಯಾರು ಇದಕ್ಕ ಎಣ್ಣಿ ಹಚ್ಚಿದವ್ರು?” ಎಂದು ಕೇಳಿದರು. ಅವರ ಕಣ್ಣು ಸಾಮಾನು ತಂದ ಗಾಡಿಯವನ ಮೇಲೆ ಬಿತ್ತು. ಗಾಲಿಯ ಕೀಲೆಣ್ಣೆಯನ್ನೆಲ್ಲ ಕಂಬಿಗೆ ಮೆತ್ತಿದ್ದೀಯೆಂದು ಅವನನ್ನು ಹಿಡಿದು ಬೈಯತೊಡಗಿದರು. ಆ ಮುದುಕ, “ನಾ ಗ್ವಾಣಿಚೀಲ ಹಾಸಿ ತಂದೇನ್ರೀ ಸಾಹೇಬ್ರ” ಎಂದು ಅದೊಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತ, ಅಳುತ್ತ ನಿಂತ. ನಾನು ಅವನ ಹಿಂದೆಯೇ ಇದ್ದೆ. ಬಾಯಿ ತೆರೆದೆ. ನಾನು ಹಚ್ಚಿದೆನೆಂದರೆ ಅಲ್ಲಿಂದಲೇ ಊರಿಗೆ ಹೋಗಬೇಕು, ಹತ್ತು ವರ್ಷಗಳ ಆ ಒಂದು ಉಸಿರು ಅಲ್ಲಿಗೆ ಮುಗಿಯಬೇಕು. ಬಾಯಿ ಮುಚ್ಚಿದೆ. ಆಗ ನೆಲದ ಮೇಲೆ ಕೈ ಹಿಡಿದುಕೊಂಡು ಕುಳಿತಿದ್ದ ಬಸಲಿಂಗಪ್ಪನೇ ಹೇಳಿದ: “ಅಂವನ್ನ ಬೈಬ್ಯಾಡ್ರಿ ಸಾಹೇಬ್ರ. ಎಣ್ಣಿ ನನ್ನ ಕೈಯಾಗಿಂದು. ಮುಂಜಾನೆ ತಲಿಗೆ ಹಚ್ಚಿಕೊಂಡಿದ್ದೆ, ಕೈ ತೊಳಕೊಳ್ಳಾಕ ಮರತೆ.” ಅವನ ತಲೆ ಒಣಗಿತ್ತು, ಕೂದಲಿಗೆ ಎಣ್ಣೆಯ ಪಸೆಯಿರಲಿಲ್ಲ. ಅದನ್ನು ನಾನೂ ನೋಡಿದೆ. ಗಾಡಿಯವನನ್ನು ಉಳಿಸಲು ಅವನು ಸುಳ್ಳು ಹೇಳುತ್ತಿದ್ದಾನೆಂದು ತಿಳಿದೂ ಸುಮ್ಮನಿದ್ದೆ. ಸಾಹೇಬರು ಅದನ್ನೇ ಬರೆದುಕೊಂಡರು: ಆಟಗಾರನ ಅಜಾಗರೂಕತೆ.

ಕಂಬಿಯನ್ನು ಬೂದಿಯಿಂದ ತಿಕ್ಕಿ, ಒರೆಸಿ, ಮತ್ತೆ ಪುಡಿ ಹಚ್ಚಿದರು. ನನ್ನ ಪಾಳಿ ಬಂದಾಗ ನಾನು ಚೆನ್ನಾಗಿ ಆಡಿದೆ. ಮೈಗೆ ನಾಚಿಕೆ ಇರುವುದಿಲ್ಲ; ಕಲಿಸಿದ್ದನ್ನು ಅದು ಮಾಡಿ ತೋರಿಸುತ್ತದೆ, ಒಳಗೆ ಯಾರು ಕುಳಿತಿದ್ದಾರೆಂದು ವಿಚಾರಿಸುವುದಿಲ್ಲ. ಆಯ್ಕೆಯಾದವನು ನಾನು. ಬಸಲಿಂಗಪ್ಪನನ್ನು ಅದೇ ಗಾಡಿಯಲ್ಲಿ ಮಲಗಿಸಿ, ಮೂಳೆ ಕಟ್ಟುವವರ ಮನೆಗೆ ಆ ಮುದುಕನೇ ಹೊಡೆದುಕೊಂಡು ಹೋದ.

ದೊಡ್ಡ ಊರಿನ ವ್ಯಾಯಾಮಶಾಲೆಯಲ್ಲಿ ನಾನು ಇದ್ದದ್ದು ಕೆಲವೇ ತಿಂಗಳು. ಅಲ್ಲಿ ಹೇಳಿಕೊಟ್ಟ ಮೊದಲ ಪಾಠವೇ ಎಣ್ಣೆಯನ್ನು ಕುರಿತದ್ದು. ತಲೆಗೆ ಎಣ್ಣೆ ಹಚ್ಚಿಕೊಂಡು ಬಂದವನನ್ನು ಬಾಗಿಲಿನಲ್ಲೇ ತಡೆದು ಸಾಬೂನು ಕೊಟ್ಟು ವಾಪಸು ಅಟ್ಟುತ್ತಿದ್ದರು. ಕಬ್ಬಿಣಕ್ಕೆ ಎಣ್ಣೆ ತಾಗಿದರೆ ಆಟಗಾರನ ಜೀವಕ್ಕೆ ಕುತ್ತು ಎಂದು ದಿನವೂ ಹೇಳುತ್ತಿದ್ದರು. ದಿನವೂ ಕೇಳಿದೆ. ಅಲ್ಲಿ ಕಂಬಿಯ ಕೆಳಗೆ ಹಾಸಿದ ಜಮಖಾನೆ ಮೆತ್ತಗಿತ್ತು, ಊಟ ಚೆನ್ನಾಗಿತ್ತು, ನನ್ನ ಆಟ ದಿನದಿಂದ ದಿನಕ್ಕೆ ಸುಧಾರಿಸಿತು, ನಾನು ದಿನದಿಂದ ದಿನಕ್ಕೆ ಕುಗ್ಗಿದೆ. ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಮೊದಲು ಹಡಗಿನ ಮಾತು ನಿಂತಿತು, ಆಮೇಲೆ ತಂಡದ ಮಾತು ನಿಂತಿತು, ಕೊನೆಗೆ ಒಲಿಂಪಿಕ್ಕೇ ನಿಂತಿತು. ನಮ್ಮ ಗಂಟುಮೂಟೆ ನಮ್ಮ ಕೈಗೆ ಕೊಟ್ಟು ರೈಲು ಹತ್ತಿಸಿದರು. ಯಾವುದನ್ನು ಉಳಿಸಿಕೊಳ್ಳಲು ಬಾಯಿ ಮುಚ್ಚಿದ್ದೆನೋ ಅದು ಹೀಗೆ ಹೋಯಿತು; ಮುಚ್ಚಿದ ಬಾಯಿ ಮಾತ್ರ ನನ್ನ ಬಳಿ ಉಳಿಯಿತು.

ಸವಣೂರಿಗೆ ಬಂದು ಉಸ್ತಾದರ ಮುಂದೆ ಎಲ್ಲವನ್ನೂ ಹೇಳಿದೆ. ಅವರಿಗೆ ಆಗ ಕಣ್ಣು ಮಂಜಾಗಿತ್ತು, ಆದರೂ ಕಂಬವನ್ನು ಬೆರಳಿನಿಂದ ಮುಟ್ಟಿ “ಕುಡೀತು” ಎನ್ನುತ್ತಿದ್ದರು. ನಾನು ತಿಳಿಯದೆ ಮಾಡಿದೆ, ಪುಡಿಯ ಪದ್ಧತಿ ನನಗೆ ಗೊತ್ತಿರಲಿಲ್ಲ ಎಂದು ಬಹಳ ಹೊತ್ತು ಸಮಜಾಯಿಷಿ ಹೇಳಿಕೊಂಡೆ. ಅವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು.

“ಕಬ್ಬಿಣ ಕುಡೀತೇನು?”

“ಇಲ್ರಿ ಉಸ್ತಾದ. ಹೊಳೀತಾನ ಇತ್ತು.”

“ಕುಡೀಲಿಲ್ಲಂದ್ರ ಯಾಕ ಬಿಟ್ಟು ಹ್ವಾದಿ?”

ದೊಡ್ಡ ಊರಿನ ವಿದ್ಯೆ ನನಗೆ ತಿಳಿಯದಿದ್ದದ್ದು ನಿಜ, ಆದರೆ ನನ್ನದೇ ವಿದ್ಯೆ, ಹತ್ತು ವರ್ಷ ಬೆನ್ನ ಮೇಲೆ ಬಿದ್ದು ಬಿದ್ದು ಕಲಿತ ವಿದ್ಯೆ, ಆ ಮುಂಜಾನೆ ಹೊಳೆಹೊಳೆದು ಎಚ್ಚರಿಸಿತ್ತು. ಕಣ್ಣು ಅದನ್ನು ನೋಡಿತ್ತು. ತಿಳಿಯದೆ ಮಾಡಿದೆ ಎಂಬ ಮಾತನ್ನು ಅಂದಿನಿಂದ ನಾನು ನನಗೂ ಹೇಳಿಕೊಂಡಿಲ್ಲ. ಉಸ್ತಾದರು ಬೈಯಲಿಲ್ಲ. “ಇದನ್ನ ನನಗ್ಯಾಕ ಹೇಳ್ತಿ? ಕೈ ಮುರಕೊಂಡಂವಾ ನಾ ಅಲ್ಲ” ಎಂದು ಎದ್ದು ನಮಾಜಿಗೆ ಹೋದರು.

ಅವರು ತೋರಿಸಿದ ದಾರಿ ಹಿಡಿಯಲು ನನಗೆ ಎಂಟು ವರ್ಷ ಬೇಕಾಯಿತು. ನಡುವೆ ಹಿರೇಕೆರೂರಿನಲ್ಲಿ ಡ್ರಿಲ್ ಮಾಸ್ತರನಾದೆ, ಮದುವೆಯಾದೆ. ಚಿಕ್ಕೇರೂರು ಅಲ್ಲಿಂದ ಎರಡು ಮೂರು ಹರದಾರಿ. ಆ ಕಡೆಯ ಸಂತೆಗೆ ಹೋಗಲಿಲ್ಲ, ಆ ಕಡೆಯ ಮದುವೆಗಳಿಗೆ ಹೋಗಲಿಲ್ಲ. ಗೌರವ್ವನ ದೂರದ ಸಂಬಂಧಿಕರೊಬ್ಬರು ಆ ಊರಿನವರಾಗಿದ್ದು ನನ್ನನ್ನು ಇಂದಿಗೂ ಸೊಕ್ಕಿನವನೆಂದು ತಿಳಿದಿದ್ದಾರೆ. ಸ್ವಾತಂತ್ರ್ಯ ಬಂದ ವರ್ಷ ಸಾಲೆಯಲ್ಲಿ ಮಲ್ಲಕಂಬದ ಪ್ರದರ್ಶನ ಮಾಡಬೇಕೆಂದು ಹೆಡ್ಮಾಸ್ತರರಿಗೆ ಮನಸ್ಸಾಯಿತು. ಕಂಬ ಎಲ್ಲಿಂದ ತರುವುದೆಂದರೆ ಎಲ್ಲರೂ ಒಂದೇ ಊರು ಹೇಳಿದರು. ಸುತ್ತ ಹತ್ತು ಹಳ್ಳಿಗಳಲ್ಲಿ ಚೆನ್ನಾಗಿ ಎಣ್ಣೆ ಕುಡಿದ ಕಂಬವಿದ್ದದ್ದು ಚಿಕ್ಕೇರೂರಿನ ಗರಡಿಯಲ್ಲಿ, ಅದನ್ನು ನೋಡಿಕೊಳ್ಳುತ್ತಿದ್ದವನು ಬಸಲಿಂಗಪ್ಪ.

ಹೋದೆ. ಮಾಗಿಯ ಮುಂಜಾನೆ, ಗರಡಿಯಲ್ಲಿ ಅವನೊಬ್ಬನೇ ಇದ್ದ. ನನ್ನನ್ನು ನೋಡಿ ಗುರುತು ಹಿಡಿದು, “ಬರ್ರಿ, ಕುಂದರ್ರಿ” ಎಂದ. ಅವನ ಬಲಗೈ ಮಣಿಕಟ್ಟಿನಲ್ಲಿ ಸ್ವಲ್ಪ ಸೊಟ್ಟಗೆ ಕೂಡಿತ್ತು, ಅರ್ಧಕ್ಕಿಂತ ಹೆಚ್ಚು ತಿರುಗುತ್ತಿರಲಿಲ್ಲ. ಕಂಬ ಕೇಳಲು ಬಂದವನು ಕಂಬದ ಮಾತನ್ನೇ ಎತ್ತದೆ, ನಿಂತೇ ಹೇಳಿದೆ: “ಅವತ್ತ ಎಣ್ಣಿ ಹಚ್ಚಿದಾಂವ ನಾನರಿ.”

“ಗೊತ್ತೈತ್ರಿ” ಎಂದ ಅವನು. “ಕೀಲೆಣ್ಣಿ ಕರ್ರಗಿರ್ತೈತಿ. ನನ್ನ ಕೈಯಾಗಿದ್ದದ್ದು ತಿಳಿ ಔಡಲೆಣ್ಣಿ. ಗಾಡಿ ಹೊಡಿಯೂ ನನಗ ಅಷ್ಟು ತಿಳಿಯೂದಿಲ್ಲೇನು? ನೀವು ಅಂವನ ಹಿಂದ ನಿಂತಿದ್ರಿ. ನಿಮ್ಮ ಬಾಯಿ ಒಮ್ಮೆ ತೆರೀತು. ನಾ ಕಾದೆ. ಮತ್ತ ಮುಚ್ಚಿತು. ಮುದುಕ ಅಳಾಕತ್ತಿದ್ದ. ಯಾರರೆ ಒಬ್ರು ಹೇಳಬೇಕಿತ್ತು, ನಾ ಹೇಳಿದೆ.”

“ಸಿಟ್ಟ ಬರಲಿಲ್ಲೇನ್ರಿ?”

“ಬಂದಿತ್ರಿ. ಭಾಳ ಬಂದಿತ್ತು. ಎಣ್ಣಿ ಹಚ್ಚಿದ್ದಕ್ಕಲ್ಲ. ನನ್ನ ಚೀಲದಾಗೂ ಎಣ್ಣಿ ಸೀಸೆ ಇತ್ತು. ನಾ ಏಳೂದ್ರಾಗ ನೀವು ಹಚ್ಚಿ ಮುಗಿಸಿದ್ರಿ ಅಂತ ಆಮ್ಯಾಲ ತಿಳಕೊಂಡೆ. ಒಂದೀಟ ಮೊದಲ ಎದ್ದಿದ್ರ ನಾನೂ ಅದನ್ನ ಮಾಡತಿದ್ದೆ. ನೀವು ಸುಮ್ಮನ ಉಳದ್ರಲ್ಲ, ಅದಕ್ಕ ಬಂದಿತ್ತು.”

ನಾನು ಅತ್ತೆನೆಂದು ಇಲ್ಲಿ ಬರೆದರೆ ನೀವು ನಂಬುತ್ತೀರಿ, ಆದರೆ ಅಳಲಿಲ್ಲ. ಬಹಳ ದಿನಗಳ ಮೇಲೆ ನೆಲಕ್ಕೆ ಬಿದ್ದವನ ಹಾಗೆ ಒಂದು ಬಗೆಯ ಸಮಾಧಾನವಾಯಿತು. ಇನ್ನು ಇದಕ್ಕಿಂತ ಕೆಳಗೆ ಬೀಳುವಂತಿಲ್ಲ. ಅವನು ಎಣ್ಣೆಯ ಬಟ್ಟಲು ನನ್ನ ಕಡೆ ಸರಿಸಿ, “ಕೈ ತಿರುಗೂದಿಲ್ಲ, ಮ್ಯಾಲಿಂದ ನೀವ ಹಚ್ಚಿಕೊಡ್ರಿ” ಎಂದ. ಕಂಬಕ್ಕೆ ಹಚ್ಚಿದೆ. ಅಂಗೈಯಲ್ಲಿ ಇನ್ನೂ ಎಣ್ಣೆ ಉಳಿದಿತ್ತು. ಕೇಳದೆಯೇ ಅವನ ಬಲ ಮಣಿಕಟ್ಟು ಹಿಡಿದು, ಕಂಬಕ್ಕೆ ಹಚ್ಚುವ ರೀತಿಯಲ್ಲೇ ಮೇಲಿನಿಂದ ಕೆಳಕ್ಕೆ ಸವರತೊಡಗಿದೆ. ಅವನು ಕೈ ಎಳೆದುಕೊಳ್ಳಲಿಲ್ಲ. ಚಳಿಗೆ ಅದು ನೋಯುತ್ತದಂತೆ, ಅವನ ಹೆಂಡತಿಯೂ ಇದೇ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಾಳಂತೆ. ಬಹಳ ಹೊತ್ತಾದ ಮೇಲೆ ನಾನು, “ಕುಡೀತೇನ್ರಿ?” ಎಂದು ಕೇಳಿದೆ.

ಅವನು ಮಣಿಕಟ್ಟನ್ನು ಬೆಳಕಿಗೆ ಹಿಡಿದು ನೋಡಿ, “ಇಲ್ರಿ. ಮುಂದಿನ ಮಾಗಿಗೂ ಬರ್ರಿ” ಎಂದ.

ಪ್ರತಿ ಮಾಗಿಗೂ ಹೋದೆ. ತಡಸದ ಗಾಣದಿಂದ ಎರಡು ಸೀಸೆ ತರುತ್ತಿದ್ದೆ. ಒಂದು ಮನೆಯ ಬಾಗಿಲಿಗೆ, ಇನ್ನೊಂದು ಚಿಕ್ಕೇರೂರಿಗೆ. ಗೌರವ್ವನ ಲೆಕ್ಕದಲ್ಲಿ ನಾನು ಕೈನೋವಿನ ಗೆಳೆಯನೊಬ್ಬನನ್ನು ನೋಡಲು ಹೋಗುತ್ತಿದ್ದೆ, ಅದೂ ಸುಳ್ಳಲ್ಲ. ಹೊಲದ ಮಾತು, ಮಕ್ಕಳ ಮಾತು, ಕಂಬದ ಮಾತು ಆಗುತ್ತಿತ್ತು. ಹಾನಗಲ್ಲಿನ ಮಾತು ಮತ್ತೆ ಬರಲಿಲ್ಲ. ಎದ್ದು ಹೊರಡುವ ಮುಂಚೆ ನಾನು ಕೇಳುತ್ತಿದ್ದೆ, ಅವನು ಬೆಳಕಿಗೆ ಹಿಡಿದು ನೋಡಿ ನಗುತ್ತ “ಇನ್ನೂ ಇಲ್ರಿ” ಎನ್ನುತ್ತಿದ್ದ. ಇಬ್ಬರ ತಲೆಯೂ ಬೆಳ್ಳಗಾಗುವವರೆಗೆ ಇದೇ ನಡೆಯಿತು. ಕಳೆದ ಮಾಗಿಯಲ್ಲಿ ಹೋದಾಗ ಅವನು ಹಾಸಿಗೆ ಹಿಡಿದಿದ್ದ. ಸವರಿ ಮುಗಿಸಿದೆ, ಕೇಳಲು ಮನಸ್ಸಾಗಲಿಲ್ಲ. ಅವನೇ ಕೈಯನ್ನು ಕಿಟಕಿಯ ಬೆಳಕಿಗೆ ಎತ್ತಿ, ಓರೆಯಾಗಿ ನೋಡಿ, “ಕುಡೀತ್ರಿ ಮಾಸ್ತರ” ಎಂದ. ಬೇಸಿಗೆಗೆ ಅವನು ಹೋದ.

ಈ ವರ್ಷ ರೂಢಿಯಂತೆ ಎರಡು ಸೀಸೆ ತಂದುಬಿಟ್ಟೆ. ತಂದ ಮೇಲೆ ನೆನಪಾಯಿತು. ಎರಡನೆಯದು ಗೂಡಿನಲ್ಲಿ ಬಹಳ ದಿನ ಹಾಗೇ ಕುಳಿತಿತ್ತು. ಇಷ್ಟು ಬರೆದಿಟ್ಟ ಮೇಲೆ, ಇವತ್ತು ಮುಂಜಾನೆ ಬಾಗಿಲಿನ ಗೂಟಕ್ಕೆ ಎಣ್ಣೆ ಬಿಟ್ಟು ಕಾದು ನಿಂತಿದ್ದಾಗ ಗೌರವ್ವ, “ಅದೊಂದು ಸೀಸೆ ಸುಮ್ಮನ ಕುಂತೈತಿ, ಚಿಲಕಕ್ಕರೆ ಒಂದೀಟ ಮುಟ್ಟಸ್ರಿ” ಎಂದಳು. ಇಳಿಸಿದೆ. ತುಕ್ಕು ಕೆರೆದು, ಹನಿ ಬಿಟ್ಟು, ಧೋತರದ ಚುಂಗಿನಿಂದ ಒರೆಸಿದೆ. ಕಬ್ಬಿಣ ಕುಡಿಯುವುದಿಲ್ಲ, ಅದಕ್ಕೆ ಹಚ್ಚಿದ್ದನ್ನು ಹಚ್ಚಿದವನೇ ಒರೆಸಬೇಕು. ಮತ್ತೆ ಒರೆಸಿದೆ. ಬೆಳಕಿಗೆ ಓರೆಯಾಗಿ ನೋಡಿದೆ, ಇನ್ನೊಮ್ಮೆ ಒರೆಸಿದೆ.

ಗೌರವ್ವ ಬಂದು ಒಂದೇ ಬೆರಳಿನಿಂದ ಚಿಲಕ ಸರಿಸಿದಳು. ಅದು ಸಪ್ಪಳವಿಲ್ಲದೆ ಸರಿಯಿತು. “ಇಷ್ಟ ಸಲೀಸ ಇತ್ತಲ್ಲ, ಇಷ್ಟು ವರ್ಷ ಯಾಕ ಹಚ್ಚಲಿಲ್ರಿ?” ಎಂದು ಕೇಳಿದಳು.

“ಕುಂದರು, ಹೇಳ್ತೇನಿ” ಎಂದೆ.